ಘಟ್ಟದ ಮಳೆ ಚಾರಣಕ್ಕೆ ಪೊಂಚೊ ಅಥವಾ ರೇನ್ ಜಾಕೆಟ್?

ಮಳೆಗಾಲದ ಚಾರಣಕ್ಕೆ ಇವೆರಡರಲ್ಲಿ ಯಾವುದನ್ನು ಕೊಳ್ಳಬೇಕೆಂದು ಕೇಳಿದ್ದೀರಿ. ತಲೆಯ ಮೇಲಿಂದ ಹಾಕಿಕೊಳ್ಳುವ ಸಡಿಲ ಮಳೆಹೊದಿಕೆಯಾದ ಪೊಂಚೊ ಸಾಮಾನ್ಯವಾಗಿ ಅಗ್ಗ. ಅದು ಬೆನ್ನಚೀಲವನ್ನೂ ಮುಚ್ಚುವುದರಿಂದ ಚೀಲಕ್ಕೆ ಪ್ರತ್ಯೇಕ ಹೊದಿಕೆ ಬೇಕಾಗುವುದಿಲ್ಲ. ಏರುದಾರಿಯಲ್ಲಿ ಮೈ ಬೆವರುವಾಗ ಅದರ ಸಡಿಲ ಅಂಚುಗಳಿಂದ ಗಾಳಿಯಾಡುತ್ತದೆ. ಜಾಕೆಟ್ ಎಷ್ಟೇ ಉತ್ತಮವಾಗಿದ್ದರೂ ಪಶ್ಚಿಮ ಘಟ್ಟದ ತೇವಭರಿತ ಹವೆಯಲ್ಲಿ ಬೆವರಿನ ಆವಿ ಸುಲಭವಾಗಿ ಹೊರಹೋಗದೆ ಒಳಗಿನ ಅಂಗಿ ಒದ್ದೆಯಾಗುತ್ತದೆ, ಆದ್ದರಿಂದ ದುಬಾರಿ ಬಟ್ಟೆಯ ಮೇಲೆ ಅತಿಯಾದ ಭರವಸೆ ಇಡಬೇಡಿ. ಆದರೆ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಂತಹ ಮರಗಳಿಲ್ಲದ ನೆತ್ತಿಯಲ್ಲಿ ಪೊಂಚೊ ಗಾಳಿಗೆ ಹಾರಿ ಕಾಲಿಡುವ ಜಾಗವನ್ನೇ ಮರೆಮಾಡಬಹುದಾದ ಕಾರಣ, ಅಲ್ಲಿ ಮೈಗೆ ಒಪ್ಪವಾಗಿ ಕೂರುವ ಜಾಕೆಟ್ಟೇ ಸುರಕ್ಷಿತ. ತೆಳು ಪೊಂಚೊ ಮುಳ್ಳುಪೊದೆಗೆ ಸಿಕ್ಕಿ ಬೇಗ ಹರಿಯುತ್ತದೆ. ಅಗಲವಾದ ಕಾಡುದಾರಿಯ ಒಂದು ದಿನದ ನಡಿಗೆಗಾದರೆ ಅದೇ ಸಾಕು. ಯಾವುದನ್ನೇ ಆರಿಸಿದರೂ ಒಳಗೆ ಹತ್ತಿಯ ಬದಲು ಬೇಗ ಒಣಗುವ ಪಾಲಿಯೆಸ್ಟರ್ ಅಂಗಿ ಧರಿಸಿ.