ಉದ್ಯೋಗದ ಜೊತೆಗೆ ವಿನ್ಯಾಸದ ಸ್ನಾತಕೋತ್ತರ ಪದವಿ: ಸ್ಕ್ಯಾಡ್‌ನ ಆನ್‌ಲೈನ್ ವ್ಯವಸ್ಥೆಯ ಪರಿಶೀಲನೆ

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ 1978ರಲ್ಲಿ ಆರಂಭವಾದ ಸವಾನಾ ಕಾಲೇಜ್ ಆಫ್ ಆರ್ಟ್ ಅಂಡ್ ಡಿಸೈನ್ (ಸ್ಕ್ಯಾಡ್), ಗ್ರಾಫಿಕ್ ಡಿಸೈನ್ ಮೊದಲಾದ ವಿಷಯಗಳಲ್ಲಿ ಸ್ನಾತಕೋತ್ತರ ಪದವಿಯನ್ನು ಆನ್‌ಲೈನ್‌ನಲ್ಲೂ ನೀಡುತ್ತದೆ. ಕೆಲಸ ಬಿಡದೆ ಓದಬಯಸುವವರು ಮೊದಲು ಅವಧಿಯ ಲೆಕ್ಕ ಹಾಕಿಕೊಳ್ಳಬೇಕು. ಎಂ.ಎ.ಗೆ 45 ಕ್ರೆಡಿಟ್, ಎಂ.ಎಫ್.ಎ.ಗೆ (ಮಾಸ್ಟರ್ ಆಫ್ ಫೈನ್ ಆರ್ಟ್ಸ್) 90, ಒಂದು ಕೋರ್ಸಿಗೆ ಸಾಮಾನ್ಯವಾಗಿ 5 ಕ್ರೆಡಿಟ್, ಒಂದು ಕ್ವಾರ್ಟರಿಗೆ (ವರ್ಷದ ನಾಲ್ಕು ಕಲಿಕಾ ಅವಧಿಗಳಲ್ಲಿ ಒಂದಕ್ಕೆ) 10 ವಾರ. ಕ್ವಾರ್ಟರಿಗೊಂದೇ ಕೋರ್ಸಿನಂತೆ ಬೇಸಿಗೆಯನ್ನೂ ಬಿಡದೆ ಓದಿದರೆ ಎಂ.ಎ.ಗೆ ಎರಡು ವರ್ಷಕ್ಕೂ ಮೇಲೆ, ಎಂ.ಎಫ್.ಎ.ಗೆ ನಾಲ್ಕೂವರೆ ವರ್ಷ ಹಿಡಿಯುತ್ತದೆ. ಆದರೂ ಪೂರ್ಣಾವಧಿ ನೌಕರಿಯಲ್ಲಿರುವವರಿಗೆ ಒಂದು ಕೋರ್ಸೇ ಸಾಕೆಂಬುದು ನನ್ನ ಖಚಿತ ಅಭಿಪ್ರಾಯ. ಹತ್ತೇ ವಾರಗಳಲ್ಲಿ ವಿಷಯ ಮನನವಾಗಿ ಕೃತಿಯೂ ಪಕ್ವವಾಗಬೇಕಲ್ಲ.

ಈ ವ್ಯವಸ್ಥೆಯ ನಿಜವಾದ ಬೆಲೆಯಿರುವುದು ವಿಮರ್ಶೆಯಲ್ಲಿ. ಪಾಠಕ್ಕೆ ನಿಗದಿತ ಗಂಟೆಯಿಲ್ಲದ್ದರಿಂದ, ಜಾರ್ಜಿಯಾಕ್ಕಿಂತ ಒಂಬತ್ತೂವರೆ ಅಥವಾ ಹತ್ತೂವರೆ ಗಂಟೆ ಮುಂದಿರುವ ಬೆಂಗಳೂರಿನವರೂ ತಮಗೆ ಬಿಡುವಾದಾಗ ಕೃತಿಯನ್ನು ಸಲ್ಲಿಸಿ, ಅಧ್ಯಾಪಕರ ಮತ್ತು ಸಹಪಾಠಿಗಳ ಅಭಿಪ್ರಾಯವನ್ನು ಬರಹದಲ್ಲಿ ಪಡೆಯಬಹುದು. ತರಗತಿಯಲ್ಲಿ ಗೋಡೆಗೆ ಅಂಟಿಸಿದ ಪೋಸ್ಟರಿನ ಮುಂದೆ ಆಡಿದ ಮಾತು ಅಲ್ಲಿಗೇ ಮುಗಿಯುತ್ತದೆ; ಬರೆದ ವಿಮರ್ಶೆಯನ್ನಾದರೆ ತಿದ್ದಿದ ಕೃತಿಯ ಪಕ್ಕದಲ್ಲಿಟ್ಟು, ಯಾವ ಸಲಹೆಯನ್ನು ಏಕೆ ಒಪ್ಪಿದೆವು, ಯಾವುದನ್ನು ಕೈಬಿಟ್ಟೆವು ಎಂದು ಮತ್ತೆ ಪರಿಶೀಲಿಸಬಹುದು. ಅಧ್ಯಾಪಕರು ಪಕ್ಕದಲ್ಲೇ ಕುಳಿತು ಪೆನ್ಸಿಲಿನಿಂದ ಗೆರೆ ಎಳೆದು ತೋರಿಸುವ ಸುಖ ಇಲ್ಲಿಲ್ಲ. ಕಾಗದದ ತೂಕ, ಮುದ್ರಣದ ಬಣ್ಣ, ಪುಸ್ತಕದ ಹೊಲಿಗೆ ಇವೂ ಪರದೆಯ ಮೇಲೆ ಕೈಗೆ ಸಿಗುವುದಿಲ್ಲ. ಆದ್ದರಿಂದ ಪೀಠೋಪಕರಣ ಅಥವಾ ಜವಳಿ ವಿನ್ಯಾಸ ಕಲಿಯಬೇಕೆನ್ನುವವರಿಗೆ ಆನ್‌ಲೈನ್ ದಾರಿಯನ್ನು ನಾನು ಸೂಚಿಸಲಾರೆ.

ಶುಲ್ಕ ದುಬಾರಿ. ಇಡೀ ಪದವಿಯನ್ನು ಆನ್‌ಲೈನ್‌ನಲ್ಲೇ ಓದುವವರಿಗೆ ಅಮೆರಿಕದ ವಿದ್ಯಾರ್ಥಿ ವೀಸಾ ಆದ ಎಫ್-1 ದೊರೆಯದು, ಅದರ ಬೆನ್ನಿಗೆ ಬರುವ ಕೆಲಸದ ಅವಕಾಶವೂ ಇರದು. ಎಚ್-4 ವೀಸಾದ (ಅಲ್ಲಿ ಎಚ್-1ಬಿ ಮೊದಲಾದ ಉದ್ಯೋಗ ವೀಸಾದಲ್ಲಿರುವವರ ಪತಿ, ಪತ್ನಿ ಮತ್ತು ಮಕ್ಕಳಿಗೆ ಸಿಗುವ ವೀಸಾ) ಮೇಲೆ ಅಮೆರಿಕದಲ್ಲಿರುವ ನಮ್ಮವರಿಗೆ ಓದಲು ಅಡ್ಡಿಯಿಲ್ಲ; ಮುಂದೆ ಅಲ್ಲಿನ ಕಾಲೇಜುಗಳಲ್ಲಿ ಕಲಿಸುವ ಬಯಕೆಯಿದ್ದವರು ಎಂ.ಎ.ಗಿಂತ ಎಂ.ಎಫ್.ಎ. ಆಯ್ದುಕೊಳ್ಳುವುದು ಒಳಿತು, ಏಕೆಂದರೆ ಸ್ಟುಡಿಯೊ ಕಲೆಗಳಲ್ಲಿ ಅದನ್ನೇ ಕೊನೆಯ ಪದವಿಯೆಂದು ಅಲ್ಲಿ ಪರಿಗಣಿಸುತ್ತಾರೆ.

ಪದವಿಗಿಂತ ಕಲಿಕೆಯೇ ಮುಖ್ಯವೆನ್ನುವವರು, ಐಐಟಿ ಬಾಂಬೆಯ ವಿನ್ಯಾಸ ಶಾಲೆಯಾದ ಐಡಿಸಿ, ಐಐಟಿ ಗುವಾಹಟಿ ಮತ್ತು ಎನ್‌ಐಡಿಯ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಬೆಂಗಳೂರು ಕೇಂದ್ರ ಸೇರಿ ರೂಪಿಸಿದ ಡಿ'ಸೋರ್ಸ್ ಎಂಬ ಜಾಲತಾಣದ ಪಾಠಗಳನ್ನು ಉಚಿತವಾಗಿ ಓದಬಹುದು. ಶುಲ್ಕ ಕಟ್ಟುವ ಮೊದಲು, ಕಚೇರಿಯ ದಿನಚರಿಯ ನಡುವೆ ವಾರವಾರವೂ ಸಮಯ ಒದಗುತ್ತದೆಯೇ ಎಂಬುದನ್ನು ಅಲ್ಲಿಯೇ ಪರೀಕ್ಷಿಸಿಕೊಳ್ಳಬಹುದು.