555 ಟೈಮರ್ ಐಸಿ: ವೈದ್ಯಕೀಯ ಉಪಕರಣಗಳಲ್ಲಿ ದೀರ್ಘಕಾಲದ ಬಳಕೆಯ ನಂತರದ ವಿಮರ್ಶೆ

ಮುಂಬೈನ ಲ್ಯಾಮಿಂಗ್ಟನ್ ರೋಡಿನಲ್ಲಿ ಒಂದು ಕಟಿಂಗ್ ಚಹಾದ ದುಡ್ಡಿಗೆ ಸಿಗುವ, ಬೇಕಾದಷ್ಟು ಹೊತ್ತಿನ ಪಲ್ಸ್ ಕೊಡುವ ಎಂಟು ಕಾಲಿನ ಐಸಿ ಇದು. ನೋವಿಗೆ ಚರ್ಮದ ಮೂಲಕ ಸಣ್ಣ ವಿದ್ಯುತ್ ಪಲ್ಸ್ ಕೊಡುವ ಫಿಸಿಯೋಥೆರಪಿಯ ಟೆನ್ಸ್ ಯಂತ್ರ, ಸಲೈನ್ ನಿಂತರೆ ಕೂಗುವ ಅಲಾರಂ, ಡಿಪ್ಲೊಮಾ ಹುಡುಗರ ನಾಡಿ ಮಾಪಕ, ಯಾವುದರ ಮುಚ್ಚಳ ತೆಗೆದರೂ ಮೂಲೆಯಲ್ಲೊಂದು 555 ಕೂತಿರುವ ಸಾಧ್ಯತೆ ಹೆಚ್ಚು. ಇಲ್ಲಿ ಹೇಳುತ್ತಿರುವುದು ಎರಡು ಜಾತಿಯ ಬಗ್ಗೆ: ಹಳೆಯ ಬೈಪೋಲಾರ್ ಎನ್‌ಇ555 ಮತ್ತು ಕಡಿಮೆ ಕರೆಂಟ್ ತಿನ್ನುವ ಸಿಮಾಸ್ ತಂತ್ರದ ಟಿಎಲ್‌ಸಿ555. ಕಾಲುಗಳ ಜೋಡಣೆ ಒಂದೇ, ಸೂತ್ರವೂ ಒಂದೇ, ಸ್ವಭಾವ ಬೇರೆ. ಒಂದರ ಜಾಗಕ್ಕೆ ಇನ್ನೊಂದನ್ನು ಕಣ್ಣುಮುಚ್ಚಿ ಹಾಕಿದ ಬೋರ್ಡುಗಳೇ ಮತ್ತೆ ಮತ್ತೆ ರಿಪೇರಿಗೆ ಬರುತ್ತವೆ.

ಹಾನ್ಸ್ ಕಾಮೆನ್‌ಜಿಂಡ್ 1971ರಲ್ಲಿ ಸಿಗ್ನೆಟಿಕ್ಸ್ ಕಂಪನಿಗಾಗಿ ಇದನ್ನು ರೂಪಿಸಿದರು. 1972ರಲ್ಲಿ ಮಾರುಕಟ್ಟೆಗೆ ಬಂತು. ಒಳಗೆ ಸಾಲಾಗಿ ಮೂರು ಸಮ ರೆಸಿಸ್ಟರ್‌ಗಳಿದ್ದು, ಸಪ್ಲೈ ವೋಲ್ಟೇಜಿನ ಮೂರನೇ ಒಂದು ಮತ್ತು ಮೂರನೇ ಎರಡು ಭಾಗಕ್ಕೆ ಗಡಿ ಹಾಕುತ್ತವೆ. 2ನೇ ಪಿನ್ (ಟ್ರಿಗರ್) ಕೆಳಗಿನ ಗಡಿಗಿಂತ ಇಳಿದರೆ ಔಟ್‌ಪುಟ್ ಮೇಲೇಳುತ್ತದೆ. 6ನೇ ಪಿನ್ ಮೇಲಿನ ಗಡಿ ದಾಟಿದರೆ ಔಟ್‌ಪುಟ್ ಬೀಳುತ್ತದೆ, 7ನೇ ಪಿನ್ನಿನ ಟ್ರಾನ್ಸಿಸ್ಟರ್ ಕೆಪಾಸಿಟರನ್ನು ಖಾಲಿ ಮಾಡುತ್ತದೆ. ಇದರ ನಿಜವಾದ ಸೊಗಸು ಒಂದಿದೆ. ಕೆಪಾಸಿಟರ್ ತುಂಬುವ ವೇಗವೂ ಗಡಿಯೂ ಎರಡೂ ಸಪ್ಲೈಗೆ ತಕ್ಕಂತೆ ಏರಿಳಿಯುವುದರಿಂದ, ಬ್ಯಾಟರಿ 9 ವೋಲ್ಟ್‌ನಿಂದ 7ಕ್ಕೆ ಇಳಿದರೂ ಸಮಯ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಒಂದೇ ಪಲ್ಸಿನ ಸರ್ಕ್ಯೂಟಿಗೆ 1.1×ಆರ್×ಸಿ (ಆರ್ ರೆಸಿಸ್ಟರ್, ಸಿ ಕೆಪಾಸಿಟರ್) ಎಂಬ ಸೂತ್ರದಲ್ಲಿ ವೋಲ್ಟೇಜೇ ಇಲ್ಲದಿರುವುದು ಇದಕ್ಕೇ. ಈ ಅನುಪಾತದ ನಡುವೆ ವೋಲ್ಟೇಜಿನ ಜೊತೆ ಬದಲಾಗದ ಯಾವುದನ್ನಾದರೂ, ಒಂದು ಡಯೋಡಿನ 0.6 ವೋಲ್ಟ್ ಆಗಲಿ, ಒಂದಿಷ್ಟು ಸೋರಿಕೆ ಆಗಲಿ, ಸೇರಿಸಿದ ತಕ್ಷಣ ಲೆಕ್ಕ ತಪ್ಪುತ್ತದೆ.

ಟೆನ್ಸ್ ಯಂತ್ರದಿಂದಲೇ ಶುರು ಮಾಡೋಣ. ಎರಡು ಟೈಮರ್ ಬೇಕು: ಮೊದಲನೆಯದು ಸೆಕೆಂಡಿಗೆ ಎಷ್ಟು ಪಲ್ಸ್ ಎಂದು ತೀರ್ಮಾನಿಸುತ್ತದೆ, ಎರಡನೆಯದು ಪಲ್ಸ್ ಎಷ್ಟು ಅಗಲ ಎಂದು. ಮೊದಲನೆಯದಕ್ಕೆ 10 ಕಿಲೋಓಮ್, 82 ಕಿಲೋಓಮ್ ಮತ್ತು 0.1 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 83 ಹರ್ಟ್ಸ್. ಎರಡನೆಯದಕ್ಕೆ 18 ಕಿಲೋಓಮ್, 10 ನ್ಯಾನೋಫ್ಯಾರಡ್ ಹಾಕಿದರೆ 198 ಮೈಕ್ರೋಸೆಕೆಂಡ್. ಮೊದಲನೆಯದರ ಔಟ್‌ಪುಟ್ ಪ್ರತಿ ಸಲವೂ 5.7 ಮಿಲಿಸೆಕೆಂಡ್ ಕೆಳಗಿರುತ್ತದೆ. ಅದನ್ನು ನೇರವಾಗಿ ಎರಡನೆಯದರ 2ನೇ ಪಿನ್ನಿಗೆ ಕೊಟ್ಟರೆ 200 ಮೈಕ್ರೋಸೆಕೆಂಡಿನ ಪಲ್ಸ್ ಬರುವುದಿಲ್ಲ. ಟ್ರಿಗರ್ ಕೆಳಗಿರುವಷ್ಟೂ ಹೊತ್ತು ಔಟ್‌ಪುಟ್ ಮೇಲೇ ನಿಲ್ಲುತ್ತದೆ. ಆದ್ದರಿಂದ ನಡುವೆ 1 ನ್ಯಾನೋಫ್ಯಾರಡ್ ಕೆಪಾಸಿಟರ್, 2ನೇ ಪಿನ್ನಿನಿಂದ ಸಪ್ಲೈಗೆ 10 ಕಿಲೋಓಮ್, ಆ ರೆಸಿಸ್ಟರ್ ಮೇಲೆ ಅಡ್ಡಲಾಗಿ ಒಂದು 1ಎನ್4148 ಡಯೋಡ್, ಪಟ್ಟಿ ಇರುವ ತುದಿ ಸಪ್ಲೈ ಕಡೆಗೆ. ಆಗ ಟ್ರಿಗರ್ ಸಿಗುವುದು ಹೆಚ್ಚೆಂದರೆ ನಾಲ್ಕು ಮೈಕ್ರೋಸೆಕೆಂಡ್, ಅಷ್ಟು ಸಾಕು.

ಇದೇ ಬೋರ್ಡು 9 ವೋಲ್ಟ್‌ನಲ್ಲಿ ಚೆನ್ನಾಗಿ ನಡೆದು, 5 ವೋಲ್ಟ್ ಕೊಟ್ಟ ಕೂಡಲೇ ಸುಮ್ಮನಾಗುತ್ತದೆ ಎಂಬ ದೂರು ತುಂಬಾ ಸಾಮಾನ್ಯ. ಎನ್‌ಇ555ರ ಔಟ್‌ಪುಟ್ ಸಪ್ಲೈವರೆಗೂ ಏರುವುದೇ ಇಲ್ಲ, ಸುಮಾರು 1.7 ವೋಲ್ಟ್ ಕೆಳಗೇ ನಿಲ್ಲುತ್ತದೆ. 5 ವೋಲ್ಟ್‌ನಲ್ಲಿ ಅದರ ಜಿಗಿತ 3.2 ವೋಲ್ಟ್ ಅಷ್ಟೇ. 2ನೇ ಪಿನ್ 5ರಿಂದ 1.8ಕ್ಕೆ ಇಳಿಯುತ್ತದೆ, ಬೇಕಾದದ್ದು 1.67ರ ಕೆಳಗೆ. ಕೂದಲೆಳೆಯ ಅಂತರ. ಸ್ಕೋಪಿನಲ್ಲಿ (ವೋಲ್ಟೇಜಿನ ಏರಿಳಿತವನ್ನು ತೆರೆಯ ಮೇಲೆ ತೋರಿಸುವ ಯಂತ್ರ) ನೋಡಿದರೆ ಪಲ್ಸ್ ಇದೆ ಎಂದೇ ಕಾಣುತ್ತದೆ, ಹಾಗಾಗಿ ಹುಡುಗರು ಗಂಟೆಗಟ್ಟಲೆ ಎರಡನೇ ಐಸಿಯನ್ನೇ ಬದಲಾಯಿಸುತ್ತಾ ಕೂರುತ್ತಾರೆ. ಮೊದಲನೆಯದನ್ನು ಟಿಎಲ್‌ಸಿ555 ಮಾಡಿದರೆ ಔಟ್‌ಪುಟ್ ಪೂರ್ತಿ ಏರುತ್ತದೆ, ತೊಂದರೆ ಅಲ್ಲಿಗೆ ಮುಗಿಯಿತು.

ತಿರುಗುಮುರುಗಾಗಿಯೂ ಆಗುತ್ತದೆ. ಟಿಎಲ್‌ಸಿ555 ಒಳಕ್ಕೆ 100 ಮಿಲಿಆಂಪ್ ಎಳೆದುಕೊಂಡರೂ ಹೊರಕ್ಕೆ ಕೊಡುವುದು 10 ಮಿಲಿಆಂಪ್. ಎನ್‌ಇ555 ಎರಡೂ ಕಡೆ 200. ಬಜರ್ ಅಥವಾ ರಿಲೇಯನ್ನು 3ನೇ ಪಿನ್ನಿನಿಂದ ನೇರ ಓಡಿಸುವ ಹಳೆಯ ಬೋರ್ಡಿಗೆ ಸಿಮಾಸ್ ಹಾಕಿದರೆ ದನಿ ಕುಗ್ಗುತ್ತದೆ, ರಿಲೇ ಕಚ್ಚುವುದಿಲ್ಲ. ನಡುವೆ ಒಂದು ಟ್ರಾನ್ಸಿಸ್ಟರ್ ಕೊಡಬೇಕು.

ಪಲ್ಸನ್ನು ಒಂದು ಸುತ್ತಿನ ಶೇಕಡಾ 50ಕ್ಕಿಂತ ಕಿರಿದು ಮಾಡಲು ಎರಡನೇ ರೆಸಿಸ್ಟರಿಗೆ ಅಡ್ಡಲಾಗಿ ಡಯೋಡ್ ಹಾಕುವ ಅಗ್ಗದ ಟೆನ್ಸ್ ಬೋರ್ಡುಗಳೂ ಇವೆ. ಒಂದು ಐಸಿಯ ಖರ್ಚು ಉಳಿಯಿತು, ಆದರೆ ಕೆಪಾಸಿಟರ್ ತುಂಬುವ ಸಮಯದ ಸೂತ್ರದಲ್ಲಿರುವ 0.693 ಈಗ 9 ವೋಲ್ಟ್‌ನಲ್ಲಿ 0.81, 7 ವೋಲ್ಟ್‌ನಲ್ಲಿ 0.85, 5 ವೋಲ್ಟ್‌ನಲ್ಲಿ 0.94 ಆಗುತ್ತದೆ. ಬ್ಯಾಟರಿ ಇಳಿದಂತೆಲ್ಲ ಪಲ್ಸ್ ಅಗಲವಾಗುತ್ತದೆ. ರೋಗಿಯ ಚರ್ಮಕ್ಕೆ ಹೋಗುವ ಪಲ್ಸಿನಲ್ಲಿ ಈ ರೀತಿ ಉಳಿಸುವುದು ನಮಗೆ ಒಪ್ಪಿಗೆಯಿಲ್ಲ. ಟೆನ್ಸ್ ಪರೀಕ್ಷೆ ಮಾಡುವಾಗ ಎಲೆಕ್ಟ್ರೋಡ್ ಬದಲು 1 ಕಿಲೋಓಮ್ ರೆಸಿಸ್ಟರ್ ಕಟ್ಟಿ ಸ್ಕೋಪ್ ಹಿಡಿಯಿರಿ. 50 ವೋಲ್ಟ್ ಶಿಖರ ಅಂದರೆ 50 ಮಿಲಿಆಂಪ್. ಅದೇ ರೆಸಿಸ್ಟರ್ ಮೇಲೆ ಮಲ್ಟಿಮೀಟರಿನ ಡಿಸಿ ಓದು ಸೊನ್ನೆಯ ಹತ್ತಿರ ಇರಬೇಕು. ಟ್ರಾನ್ಸ್‌ಫಾರ್ಮರ್ ಇಲ್ಲದ ಯಂತ್ರದಲ್ಲಿ ಸರಣಿ ಕೆಪಾಸಿಟರ್ ಕೆಟ್ಟು ಡಿಸಿ ಹರಿದರೆ ಪ್ಯಾಡಿನ ಕೆಳಗೆ ಚರ್ಮ ಸುಡುತ್ತದೆ. ನಡೆಸುವುದು ಬ್ಯಾಟರಿಯಲ್ಲೇ, ಮೊಬೈಲ್ ಅಡಾಪ್ಟರಿನಲ್ಲಿ ಅಲ್ಲ. ಪೇಸ್‌ಮೇಕರ್ ಇದ್ದವರಿಗೆ ಬೇಡ, ಕುತ್ತಿಗೆಯ ಮುಂಭಾಗಕ್ಕೆ ಯಾರಿಗೂ ಬೇಡ.

ನಾಡಿ ಸೆನ್ಸರಿನ ಪಕ್ಕದಲ್ಲಿ ಎನ್‌ಇ555 ಇಡುವುದು ಬೇಡವೇ ಬೇಡ. ಔಟ್‌ಪುಟ್ ತಿರುಗುವ ಕ್ಷಣದಲ್ಲಿ ಅದರ ಮೇಲಿನ, ಕೆಳಗಿನ ಟ್ರಾನ್ಸಿಸ್ಟರ್‌ಗಳು ಒಟ್ಟಿಗೆ ತೆರೆದುಕೊಂಡು ಸಪ್ಲೈಯಿಂದ ನೂರಾರು ಮಿಲಿಆಂಪ್ ಗುಟುಕು ಎಳೆಯುತ್ತವೆ. ಮಿಲಿವೋಲ್ಟ್ ಲೆಕ್ಕದ ಸಿಗ್ನಲ್ಲಿನಲ್ಲಿ ಆ ಗುಟುಕು ಸುಳ್ಳು ನಾಡಿಯಾಗಿ ಎಣಿಕೆಗೆ ಸೇರುತ್ತದೆ. 1 ಮತ್ತು 8ನೇ ಪಿನ್ನುಗಳಿಗೆ ಅಂಟಿಕೊಂಡಂತೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್, ಜೊತೆಗೆ 10 ಮೈಕ್ರೋಫ್ಯಾರಡ್, 5ನೇ ಪಿನ್ನಿನಿಂದ ಗ್ರೌಂಡಿಗೆ 10 ನ್ಯಾನೋಫ್ಯಾರಡ್ ಕಡ್ಡಾಯ. 4ನೇ ಪಿನ್ ಸಪ್ಲೈಗೆ ಸೇರಿರಲಿ, ಗಾಳಿಯಲ್ಲಿ ಬಿಡಬೇಡಿ.

ಹೆಚ್ಚು ಎಚ್ಚರ ಬೇಕಾದದ್ದು ಸಲೈನ್ ಅಲಾರಮ್ಮಿನಲ್ಲಿ. ಹನಿ ಬಿದ್ದಾಗಲೆಲ್ಲ ಇನ್‌ಫ್ರಾರೆಡ್ ಸೆನ್ಸರ್ ಒಂದು ಪಲ್ಸ್ ಕೊಟ್ಟು, ಪಿಎನ್‌ಪಿ ಟ್ರಾನ್ಸಿಸ್ಟರ್ ಮೂಲಕ ಕೆಪಾಸಿಟರನ್ನು ಖಾಲಿ ಮಾಡುತ್ತಿರುತ್ತದೆ. ಹನಿ ನಿಂತರೆ ಕೆಪಾಸಿಟರ್ ಗಡಿ ಮುಟ್ಟಿ, ಔಟ್‌ಪುಟ್ ಬಿದ್ದು, ಬಜರ್ ಕೂಗುತ್ತದೆ. 560 ಕಿಲೋಓಮ್, 10 ಮೈಕ್ರೋಫ್ಯಾರಡ್ ಹಾಕಿದರೆ ಪುಸ್ತಕದ ಪ್ರಕಾರ 6.2 ಸೆಕೆಂಡ್. ಆದರೆ ಪಿಎನ್‌ಪಿ ಕೆಪಾಸಿಟರನ್ನು 0.7 ವೋಲ್ಟ್‌ವರೆಗೆ ಮಾತ್ರ ಇಳಿಸುತ್ತದೆ, ಹಾಗಾಗಿ 5 ವೋಲ್ಟ್‌ನಲ್ಲಿ ನಿಜವಾಗಿ ಸಿಗುವುದು 5.3 ಸೆಕೆಂಡ್. 1 ಮಿಲಿಗೆ 20 ಹನಿಯ ಸೆಟ್‌ನಲ್ಲಿ ಗಂಟೆಗೆ 30 ಮಿಲಿ ಹರಿಸಿದರೆ 6 ಸೆಕೆಂಡಿಗೊಂದು ಹನಿ. ಸಲೈನ್ ಸರಿಯಾಗಿ ಹೋಗುತ್ತಿದ್ದರೂ ಅಲಾರಂ ಪ್ರತಿ ಹನಿಗೂ ಕೂಗುತ್ತದೆ. ನರ್ಸ್ ಬೇಸತ್ತು ಅದನ್ನು ಆಫ್ ಮಾಡುತ್ತಾರೆ, ತಪ್ಪು ಅವರದಲ್ಲ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಶೇಕಡಾ 20ರ ಏರುಪೇರು ಇದರ ಮೇಲೆ. 390 ಕಿಲೋಓಮ್ ಜೊತೆ 500 ಕಿಲೋಓಮ್ ಪ್ರೀಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಹಾಕಿ, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಹೊಂದಿಸುವುದೇ ದಾರಿ.

ಸುಳ್ಳು ಕೂಗಿಗಿಂತ ಕೆಟ್ಟದ್ದು ಕೂಗದೇ ಇರುವುದು, ಅದು ಮಳೆಗಾಲದಲ್ಲಿ ಬರುತ್ತದೆ. 5 ವೋಲ್ಟ್‌ನಲ್ಲಿ 560 ಕಿಲೋಓಮ್ ಮೂಲಕ ಗಡಿಯ ಹತ್ತಿರ ಹರಿಯುವುದು 3 ಮೈಕ್ರೋಆಂಪ್. ಹಳೆಯ ಎಲೆಕ್ಟ್ರೋಲಿಟಿಕ್ ಅಷ್ಟನ್ನೇ ಒಳಗೊಳಗೆ ಸೋರಿದರೆ ಗಡಿ ಮುಟ್ಟುವುದೇ ಇಲ್ಲ, ಬಾಟಲಿ ಖಾಲಿಯಾದರೂ ಪೆಟ್ಟಿಗೆ ಮೌನ. ಜುಲೈನ ಮುಂಬೈ ತೇವದಲ್ಲಿ ತೊಳೆಯದೆ ಬಿಟ್ಟ ಸೋಲ್ಡರಿನ ಫ್ಲಕ್ಸ್ (ಬೆಸುಗೆಯ ಅಂಟು) ಕೂಡ ಸೋರುವ ದಾರಿಯಾಗುತ್ತದೆ. ಸಮುದ್ರದ ಹತ್ತಿರ ಉಪ್ಪಿನ ಗಾಳಿ ಇನ್ನಷ್ಟು ಕೆಡಿಸುತ್ತದೆ. ಸೋಲ್ಡರ್ ಮಾಡಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಬ್ರಷ್ ಹಾಕಿ ತೊಳೆದು, ಒಣಗಿಸಿ, ವಾರ್ನಿಷ್ ಲೇಪ ಕೊಡಿ. ಟಿಎಲ್‌ಸಿ555 ಜೊತೆ 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಮತ್ತು ಹತ್ತು ಪಟ್ಟು ದೊಡ್ಡ ರೆಸಿಸ್ಟರ್ ಹಾಕಿದರೆ ಕೆಪಾಸಿಟರಿನ ಸೋರಿಕೆ ಹೋಗುತ್ತದೆ, ಆದರೆ ಬೋರ್ಡು ಇನ್ನೂ ಚೊಕ್ಕಟವಾಗಿರಬೇಕು. ಎನ್‌ಇ555ಕ್ಕೆ ಆ ದಾರಿಯಿಲ್ಲ, 5 ವೋಲ್ಟ್‌ನಲ್ಲಿ ಅದರ ರೆಸಿಸ್ಟರ್ ಮಿತಿ ಸುಮಾರು 3.4 ಮೆಗಾಓಮ್.

ಕೊಳ್ಳುವಾಗ ಒಂದು ಪರೀಕ್ಷೆ. ಸಿಮಾಸ್ ಎಂದು ಮೇಲೆ ಅಚ್ಚು ಹಾಕಿದ ಬೈಪೋಲಾರ್ ಐಸಿಗಳು ಸಿಗುತ್ತವೆ. ಲೋಡ್ ಇಲ್ಲದೆ, 2 ಮತ್ತು 6ನೇ ಪಿನ್ನನ್ನು ಗ್ರೌಂಡಿಗೂ 4ನೇ ಪಿನ್ನನ್ನು ಸಪ್ಲೈಗೂ ಕಟ್ಟಿ 5 ವೋಲ್ಟ್ ಕೊಟ್ಟು ಕರೆಂಟ್ ಅಳೆಯಿರಿ. ಅಪ್ಪಟ ಟಿಎಲ್‌ಸಿ555 ಅರ್ಧ ಮಿಲಿಆಂಪ್ ಕೂಡ ಮುಟ್ಟುವುದಿಲ್ಲ. 2–3 ಮಿಲಿಆಂಪ್ ತೋರಿಸಿದರೆ ಅಂಗಡಿಗೆ ವಾಪಸ್ ಕೊಡಿ.

ಅಂಕ ಕೊಡುವುದಾದರೆ ಬ್ಯಾಟರಿಯ ಉಪಕರಣಕ್ಕೆ ಟಿಎಲ್‌ಸಿ555ಕ್ಕೆ 5ರಲ್ಲಿ 4.5, ಎನ್‌ಇ555ಕ್ಕೆ 3. ಉಸಿರಾಟ, ಹೃದಯದ ನಿಗಾ ಇಡುವ ಜಾಗದಲ್ಲಿ ಎರಡಕ್ಕೂ ಸೊನ್ನೆ, ಏಕೆಂದರೆ ತಾನು ಕೆಟ್ಟಿದ್ದೇನೆ ಎಂದು ಹೇಳಿಕೊಳ್ಳುವ ದಾರಿ ಈ ಐಸಿಗೆ ಇಲ್ಲ. ಸಲೈನ್ ಅಲಾರಂ ಬಳಸುತ್ತಿರುವವರು ವಾರಕ್ಕೊಮ್ಮೆ ಸೆನ್ಸರನ್ನು ಹನಿ ಕೋಣೆಯಿಂದ ಬಿಡಿಸಿ ಹಿಡಿದು, ಎಷ್ಟು ಸೆಕೆಂಡಿಗೆ ಕೂಗಿತು ಎಂದು ಪೆಟ್ಟಿಗೆಯ ಹಿಂದೆ ಅಂಟಿಸಿದ ಚೀಟಿಯಲ್ಲಿ ಬರೆದಿಡಿ. ವಾರದಿಂದ ವಾರಕ್ಕೆ ಆ ಅಂಕಿ ಹೆಚ್ಚುತ್ತಾ ಹೋದರೆ ಮೊದಲು ಬದಲಾಯಿಸಬೇಕಾದದ್ದು ಐಸಿ ಅಲ್ಲ, ಕೆಪಾಸಿಟರ್.