ಸಂಭವನೀಯತೆ ಕಿಟ್: ಸಾಮಾನು ಪರವಾಗಿಲ್ಲ, ಜೊತೆಗಿರೋ ಪುಸ್ತಕ ಮಾತ್ರ ಬೇಡ

ಆರರಿಂದ ಎಂಟನೇ ತರಗತಿ ಮಕ್ಕಳಿಗೆ ಮನೆಯಲ್ಲೇ ಲೆಕ್ಕದ ಟ್ಯೂಷನ್ ಹೇಳುತ್ತೇನೆ. ಅವರಿಗೆ ಅಂತ, ಸಂಭವನೀಯತೆ (ಪ್ರಾಬಬಿಲಿಟಿ, ಅಂದರೆ ಯಾವುದು ಎಷ್ಟರ ಮಟ್ಟಿಗೆ ಬರಬಹುದು ಅನ್ನುವ ಲೆಕ್ಕ) ಕಲಿಸುವ ಈ ಕಿಟ್ ಅನ್ನು ಆನ್‌ಲೈನಿನಲ್ಲಿ 899 ರೂಪಾಯಿ ಕೊಟ್ಟು ತರಿಸಿದೆ. ಕಂಪನಿ ಹೆಸರು ಹಾಕುವುದಿಲ್ಲ, ಯಾಕಂದರೆ ಇದೇ ಸಾಮಾನು ನಾಲ್ಕಾರು ಹೆಸರಿನಲ್ಲಿ ಮಾರಾಟಕ್ಕಿದೆ, ಡಬ್ಬಿ ಮೇಲಿನ ಚಿತ್ರ ಮಾತ್ರ ಬೇರೆ ಬೇರೆ. ಒಳಗೆ ಎರಡು ದಾಳ, ಪ್ಲಾಸ್ಟಿಕ್ ನಾಣ್ಯಗಳು, ಮುಳ್ಳು ತಿರುಗಿಸುವ ಚಕ್ರ, ಬಣ್ಣದ ಗೋಲಿ, ಅದಕ್ಕೊಂದು ಚೀಲ, ಅಂಗಿ-ಪ್ಯಾಂಟಿನ ಚಿತ್ರ ಇರುವ ಕಾರ್ಡು, ಕುದುರೆ ರೇಸಿನ ಬೋರ್ಡು, ಮತ್ತೆ ಇಂಗ್ಲಿಷಿನ ಒಂದು ತೆಳು ಪುಸ್ತಕ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಕುದುರೆ ಬೋರ್ಡು ಒಂದಕ್ಕೇ ಅರ್ಧ ದುಡ್ಡು ಕೊಡಬಹುದು. 1ರಿಂದ 12ರವರೆಗೆ ಹನ್ನೆರಡು ಕುದುರೆ. ಎರಡು ದಾಳ ಹಾಕಿ ಕೂಡಿದರೆ ಎಷ್ಟು ಬರುತ್ತದೋ ಆ ನಂಬರಿನ ಕುದುರೆ ಒಂದು ಮನೆ ಮುಂದೆ ಹೋಗುತ್ತದೆ. ನೀವೇನೂ ವಿವರಿಸಬೇಡಿ, ಸುಮ್ನೆ ಮಕ್ಕಳಿಗೆ ಕುದುರೆ ಆರಿಸಲು ಬಿಡಿ. ಯಾರಾದರೊಬ್ಬರು ‘ನಂದು ನಂಬರ್ ಒನ್’ ಅಂತ 1ನ್ನು ಹಿಡಿದೇ ಹಿಡಿಯುತ್ತಾರೆ. ನಮ್ಮಲ್ಲಿ ಹಿಡಿದ ಹುಡುಗ ಆಟ ಅರ್ಧ ಮುಗಿಯುವವರೆಗೂ ದಾಳವನ್ನೇ ಬೈಯುತ್ತಿದ್ದ, ಆಮೇಲೆ ಪಕ್ಕದವಳು ‘ಲೋ, ಎರಡು ದಾಳ ಕೂಡಿದ್ರೆ ಒಂದು ಹೇಗೋ ಬರತ್ತೆ?’ ಅಂದಳು ನೋಡಿ, ಎಲ್ಲರೂ ಬಿದ್ದು ಬಿದ್ದು ನಕ್ಕರು. ಮುಂದಿನ ಆಟದಲ್ಲಿ 6, 7, 8ಕ್ಕೆ ಜಗಳ. 2 ಮತ್ತು 12 ಯಾರಿಗೂ ಬೇಡ.

ಆದರೆ 7 ಯಾಕೆ ಜಾಸ್ತಿ ಓಡುತ್ತದೆ ಅಂತ ಕೇಳಿದ ತಕ್ಷಣ ಈ ಕಿಟ್‌ನ ದೊಡ್ಡ ಕೊರತೆ ಎದುರಿಗೆ ಬರುತ್ತದೆ. ಎರಡೂ ದಾಳ ಬಿಳಿ! ‘2-5, 5-2 ಎರಡೂ ಒಂದೇ ಅಲ್ವಾ ಮಿಸ್?’ ಅಂತ ಕೇಳುತ್ತಾರೆ, ಕಣ್ಣಿಗೆ ಕಾಣುವುದೂ ಹಾಗೇ. ಹಾಗೆ ಎಣಿಸಿದರೆ ಒಟ್ಟು ಫಲಿತ 21 ಬರುತ್ತದೆ, ಮತ್ತು 6, 7, 8 ಮೂರಕ್ಕೂ ಮೂರು ಮೂರೇ ದಾರಿ. ಬೋರ್ಡಿನ ಮೇಲೆ 7 ಮುಂದೆ ಓಡುವುದಕ್ಕೆ ಕಾರಣವೇ ಸಿಗುವುದಿಲ್ಲ. ನಾನು ಒಂದು ದಾಳಕ್ಕೆ ಕೆಂಪು ನೈಲ್ ಪಾಲಿಶ್ ಬಳಿದೆ. ಈಗ ಕೆಂಪು 2 ಬಿಳಿ 5 ಬೇರೆ, ಕೆಂಪು 5 ಬಿಳಿ 2 ಬೇರೆ. ನೋಟ್‌ಬುಕ್ಕಿನಲ್ಲಿ ಆರು ಸಾಲು, ಆರು ಕಂಬದ ಚೌಕ ಎಳೆಸಿ ಪ್ರತಿ ಮನೆಯಲ್ಲೂ ಮೊತ್ತ ಬರೆಸಿದೆ. 36 ಮನೆ ತುಂಬಿದವು, ಮೂಲೆಯಿಂದ ಮೂಲೆಗೆ ಓರೆಯಾಗಿ ಆರು 7 ನಿಂತವು, 6 ಮತ್ತು 8ಕ್ಕೆ ಐದೈದು. ‘4-4 ಮಾತ್ರ ಯಾಕೆ ಒಂದೇ ಸಲ?’ ಅಂತ ಒಬ್ಬಳು ಕೇಳಿದಳು. ಕೆಂಪು 4 ಬಿಳಿ 4 ಅನ್ನು ತಿರುಗಿಸಿದರೂ ಅದೇ ತಾನೇ ಬರುವುದು, ದಾಳ ಕೈಗೆ ಕೊಟ್ಟೆ, ಅವಳೇ ತಿರುಗಿಸಿ ನೋಡಿ ಒಪ್ಪಿಕೊಂಡಳು. ಎರಡು ಬಣ್ಣದ ದಾಳ ಹಾಕಿದ್ದರೆ ಕಂಪನಿಗೆ ಎಷ್ಟು ಖರ್ಚಾಗುತ್ತಿತ್ತು ಹೇಳಿ?

ಮಕ್ಕಳು ಇಲ್ಲಿ ಎಡವಿದರೆ ಬೈಯಬೇಡಿ ಅಂತ ಪೋಷಕರಿಗೆ ಒಂದು ಮಾತು. ಡಾಲೆಂಬೇರ್ ಅನ್ನುವ ದೊಡ್ಡ ಫ್ರೆಂಚ್ ಗಣಿತಜ್ಞರೇ 1754ರಲ್ಲಿ ವಿಶ್ವಕೋಶದ ಲೇಖನವೊಂದರಲ್ಲಿ ಇಂಥದ್ದೇ ಕಡೆ ಎಡವಿದ್ದಾರೆ. ನಾಣ್ಯದ ಎರಡು ಎಸೆತದಲ್ಲಿ ಒಂದು ಹೆಡ್ ಆದರೂ ಬರುವ ಸಂಭವ ಎಷ್ಟು ಅನ್ನುವುದು ಪ್ರಶ್ನೆ. ಮೊದಲನೆಯದೇ ಹೆಡ್ ಆದರೆ ಆಟ ಮುಗಿಯಿತು, ಇಲ್ಲದಿದ್ದರೆ ಟೇಲ್-ಹೆಡ್ ಅಥವಾ ಟೇಲ್-ಟೇಲ್, ಒಟ್ಟು ಮೂರೇ ಬಗೆ, ಹಾಗಾಗಿ 2/3 ಅಂದರು. ಆ ಮೂರು ಬಗೆಗೂ ಒಂದೇ ತೂಕ ಇಲ್ಲ. ಹೆಡ್-ಹೆಡ್, ಹೆಡ್-ಟೇಲ್, ಟೇಲ್-ಹೆಡ್, ಟೇಲ್-ಟೇಲ್ ಅಂತ ನಾಲ್ಕೂ ಬರೆದು ಎಣಿಸಿದರೆ 3/4.

ಮಿಕ್ಕ ಸಾಮಾನಿನ ಕಥೆ ಬೇಗ ಮುಗಿಸುತ್ತೇನೆ. ಚಕ್ರದಲ್ಲಿ ಅರ್ಧ ಕೆಂಪು, ಕಾಲು ನೀಲಿ, ಕಾಲು ಹಳದಿ. ಯೋಚನೆ ಚೆನ್ನಾಗಿದೆ, ‘ಮೂರು ಬಣ್ಣ, ಹಾಗಾದ್ರೆ 1/3’ ಅನ್ನುವವರನ್ನು ಇದು ಹಿಡಿದುಹಾಕುತ್ತದೆ. ಆದರೆ ಮುಳ್ಳು ಸಡಿಲ, ಟೇಬಲ್ ಸ್ವಲ್ಪ ವಾಲಿದ್ದರೂ ಒಂದೇ ಕಡೆ ಹೋಗಿ ನಿಲ್ಲುತ್ತದೆ. ಜೆಮ್ ಕ್ಲಿಪ್ ಅನ್ನು ನಡುವೆ ಇಟ್ಟು, ಅದರೊಳಗೆ ಪೆನ್ಸಿಲ್ ತುದಿ ಊರಿ, ಬೆರಳಲ್ಲಿ ಚಿಮ್ಮಿಸಿ, ಅದೇ ವಾಸಿ. ಗೋಲಿ ಚೀಲದ ಬಟ್ಟೆ ಎಷ್ಟು ತೆಳು ಅಂದರೆ ಹೊರಗಿನಿಂದಲೇ ಬಣ್ಣ ಕಾಣುತ್ತದೆ. ಜೊತೆಗೆ ನೀಲಿ ಗೋಲಿ ಉಳಿದವಕ್ಕಿಂತ ಒಂದಿಷ್ಟು ದಪ್ಪ, ಕಣ್ಣು ಮುಚ್ಚಿದರೂ ಕೈಗೆ ಗೊತ್ತಾಗುತ್ತದೆ, ಮಕ್ಕಳು ಅದನ್ನು ಬೇಗ ಕಂಡುಹಿಡಿದರು. ಹಳೇ ಕಾಲುಚೀಲ, ಒಂದೇ ಅಳತೆಯ ಬಟನ್ ಸಾಕು. ಒಂದು ದಾಳದಲ್ಲಿ 3ರ ಎದುರು 5 ಇದೆ. ಎದುರುಬದುರು ಕೂಡಿದರೆ 7 ಬರಬೇಕಲ್ಲ, ಹಾಗಾದರೆ ಇದು ಮೋಸದ ದಾಳ ಅಂತ ಮಕ್ಕಳ ತೀರ್ಪು. ಆರು ಮುಖದಲ್ಲಿ ಆರೂ ಸಂಖ್ಯೆ ಇದ್ದು ತೂಕ ಸರಿ ಇದ್ದರೆ ಯಾವುದು ಯಾರ ಎದುರಿದೆ ಅನ್ನುವುದರಿಂದ ಏನೂ ಬದಲಾಗುವುದಿಲ್ಲ. ಕಂಪನಿಯ ಅಚ್ಚು ತಪ್ಪಿದ್ದರಿಂದ ನಮಗೊಂದು ಒಳ್ಳೆ ಚರ್ಚೆ ಸಿಕ್ಕಿತು.

ಕಾರ್ಡುಗಳು ಸುಮಾರು. ಮೂರು ಅಂಗಿ, ಎರಡು ಪ್ಯಾಂಟು, ಆರು ಜೊತೆ. ಹೋಟೆಲ್ ತಿಂಡಿ ಪಟ್ಟಿ ಇಟ್ಟುಕೊಂಡು ಇಡ್ಲಿ, ದೋಸೆ, ಪೂರಿಗೆ ಕಾಫಿ-ಟೀ ಜೋಡಿಸಿದರೂ ಅದೇ ಲೆಕ್ಕ, ಮಕ್ಕಳಿಗೆ ಆಸೆಯೂ ಜಾಸ್ತಿ.

ಇನ್ನು ಪುಸ್ತಕ. ಎರಡನೇ ಪುಟದಲ್ಲೇ ಸೂತ್ರ, ಅದರ ಕೆಳಗೇ ಉತ್ತರ. ಎಣಿಸಲು ಜಾಗವೇ ಇಲ್ಲ. ಅದಕ್ಕಿಂತ ಸಿಟ್ಟು ಬಂದಿದ್ದು ‘ನಾಣ್ಯವನ್ನು 10 ಸಲ ಹಾರಿಸಿ, 5 ಹೆಡ್ ಬರುತ್ತದೆ’ ಅನ್ನುವ ಅರ್ಥದ ಸಾಲು ನೋಡಿ. ಹತ್ತು ಎಸೆತದ 1024 ಫಲಿತಗಳಲ್ಲಿ ಸರಿಯಾಗಿ 5 ಹೆಡ್ ಇರುವುದು 252ರಲ್ಲಿ, ಅಂದರೆ ಸುಮಾರು ನಾಲ್ಕರಲ್ಲಿ ಒಂದು ಪಾಲು. ಮಿಕ್ಕ ಮಕ್ಕಳೆಲ್ಲ ತಾವೇ ಏನೋ ತಪ್ಪು ಮಾಡಿದೆವು ಅಂದುಕೊಂಡು, ಎಣಿಸಲು ಎಳೆದ ಗೀಟುಗಳನ್ನು ಅಳಿಸಿ ಐದು ಮಾಡಿಕೊಳ್ಳುತ್ತಾರೆ, ನಮ್ಮಲ್ಲಿ ಒಬ್ಬ ಮಾಡಿಯೂಬಿಟ್ಟ. ಎರಡನೇ ಮಹಾಯುದ್ಧದಲ್ಲಿ ಡೆನ್ಮಾರ್ಕಿನಲ್ಲಿ ಬಂಧನದಲ್ಲಿದ್ದ ಜಾನ್ ಕೆರಿಚ್ ಅನ್ನುವ ಗಣಿತಜ್ಞ ನಾಣ್ಯವನ್ನು 10,000 ಸಲ ಹಾರಿಸಿದರು, ಬಂದ ಹೆಡ್ 5,067. ಅಷ್ಟು ಮಾಡಿದರೂ ಸರಿಯಾಗಿ ಅರ್ಧ ಬರಲಿಲ್ಲ, ಆದರೆ ಪಾಲು ಅರ್ಧಕ್ಕೆ ಎಷ್ಟು ಹತ್ತಿರ ಬಂತು ನೋಡಿ. ಇಂಥದ್ದೊಂದು ಉದಾಹರಣೆ ಪುಸ್ತಕದಲ್ಲಿ ಇದ್ದಿದ್ದರೆ ಆಗುತ್ತಿತ್ತು.

ಆಡ್ಸ್ ಪುಟವಂತೂ ತಪ್ಪೇ. ದಾಳದಲ್ಲಿ 6 ಬರುವ ಸಂಭವ 1/6. ಆಡ್ಸ್ ಅಂದರೆ ಬರುವುದಕ್ಕೂ ಬಾರದ್ದಕ್ಕೂ ಇರುವ ಅನುಪಾತ, 1:5. ಪುಸ್ತಕ ಎರಡನ್ನೂ 1/6 ಅಂತ ಬರೆದು ಮುಂದೆ ಹೋಗಿದೆ. ಏಳನೇ ತರಗತಿಯವರಿಗೆ ಅನುಪಾತ ಆಗಲೇ ಗೊತ್ತಿರುತ್ತದೆ, ಕಪ್ಪು ಹಲಗೆ ಮೇಲೆ ಒಂದು ಗೆರೆ ಎಳೆದು ಈ ಕಡೆ ಒಂದು, ಆ ಕಡೆ ಐದು ಅಂತ ಬರೆದರೆ ಮುಗಿಯಿತು.

ಕಿಟ್‌ನಲ್ಲಿ ಇಲ್ಲದ, ಆದರೆ ನಾನು ಸೇರಿಸಿಕೊಂಡ ಸಾಮಾನು ನಾಲ್ಕು ಕವಡೆ. ಚೌಕಾಬಾರ ಗೊತ್ತಲ್ಲ, ಎಷ್ಟು ಕವಡೆ ಬಾಯಿ ಮೇಲಾಗಿ ಬಿದ್ದವೋ ಅಷ್ಟು ಮನೆ, ನಾಲ್ಕೂ ಬಾಯಿ ಮೇಲಾದರೆ 4, ನಾಲ್ಕೂ ಬೋರಲು ಬಿದ್ದರೆ 8. ಒಟ್ಟು 16 ಫಲಿತ. ಎರಡು ಬರಲು ಆರು ದಾರಿ, ಒಂದಕ್ಕೂ ಮೂರಕ್ಕೂ ನಾಲ್ಕು ನಾಲ್ಕು, 4ಕ್ಕೂ 8ಕ್ಕೂ ಒಂದೊಂದೇ. ಹಾಗಂತ ಎರಡು ಬರುವ ಸಂಭವ 6/16 ಅನ್ನಬಹುದಾ? ಕವಡೆಯ ಎರಡು ಬದಿ ಒಂದೇ ಆಕಾರ ಅಲ್ಲವಲ್ಲ, ಯಾವ ಬದಿ ಜಾಸ್ತಿ ಬೀಳುತ್ತದೆ ಅಂತ ಹಾಕಿ, ಗೀಟೆಳೆದು, ಪ್ರತಿ ಐದನೆಯದಕ್ಕೆ ಅಡ್ಡಗೀಟು ಹಾಕಿಯೇ ತಿಳಿಯಬೇಕು. ಲೆಕ್ಕ ಹಾಕಿ ಪಡೆದ ಸಂಭವ ಬೇರೆ, ಆಡಿ ಪಡೆದದ್ದು ಬೇರೆ ಅನ್ನುವುದು ಮಕ್ಕಳಿಗೆ ಕವಡೆ ಹಿಡಿದಷ್ಟು ಬೇಗ ನಾಣ್ಯದಲ್ಲಿ ಹೊಳೆಯುವುದಿಲ್ಲ.

ಕೊಳ್ಳಬಹುದಾ? ಶಾಲೆಗೋ ಟ್ಯೂಷನ್‌ಗೋ ಆದರೆ, 500 ರೂಪಾಯಿ ಒಳಗೆ ಸಿಕ್ಕರೆ, ಕುದುರೆ ಬೋರ್ಡಿಗಾಗಿ ತೊಗೊಳ್ಳಿ. ಮನೆಯಲ್ಲಿ ಒಂದೇ ಮಗು ಇದ್ದರೆ ರಟ್ಟಿನ ಮೇಲೆ ನೀವೇ ಹನ್ನೆರಡು ಗೆರೆ ಎಳೆದುಕೊಳ್ಳಿ, ಲೂಡೋ ಡಬ್ಬಿಯಿಂದ ದಾಳ ತೆಗೆಯಿರಿ. ಐದರಲ್ಲಿ ಎರಡು ಸ್ಟಾರ್ ಕೊಟ್ಟಿದ್ದೇನೆ. ಎರಡು ಬಣ್ಣದ ದಾಳ ಹಾಕಿ ಅಂತ ಮಾರಾಟಗಾರರಿಗೆ ಬರೆದಿದ್ದಕ್ಕೆ ‘ದಾಳ ಒಡೆದಿದ್ದರೆ ಫೋಟೋ ಕಳಿಸಿ’ ಅಂತ ಉತ್ತರ ಬಂದಿದೆ.